ಹಳೇ ಮೀನಿನ ತೊಟ್ಟಿ, ಒಡೆದ ಮೇಲಂಚು

ಕೇಳುಗರಿಗೆ ನಮಸ್ಕಾರ.

ಬೇರೆಯವರು ಬಳಸಿದ ಮೀನಿನ ತೊಟ್ಟಿ ಮನೆಗೆ ತಂದವರಿದ್ದೀರಿ, ತರೋಣ ಅಂದುಕೊಂಡವರಿದ್ದೀರಿ. ಇವತ್ತಿನ ಮಾತು ನಿಮಗಾಗಿ. ಗಾಜಿನ ಅಕ್ವೇರಿಯಂನ ಮೇಲಂಚಿಗೆ ಸುತ್ತಲೂ ಒಂದು ಪ್ಲಾಸ್ಟಿಕ್ ಪಟ್ಟಿ ಇರುತ್ತದೆ ಅಲ್ವಾ? ಹೆಚ್ಚಾಗಿ ಕಪ್ಪು ಬಣ್ಣದ್ದು. ಅದು ಒಡೆದಿದ್ದರೆ ಏನು ಮಾಡಬೇಕು ಅಂತ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನೂ ಇಂಥದ್ದೊಂದು ತೊಟ್ಟಿ ತಂದೆ. 4 ಅಡಿ ಉದ್ದದ್ದು. ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ. ಮೇಲಿನ ಪಟ್ಟಿ ಮಾತ್ರ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಮುಂದಿನ ಗಾಜಿಗೂ ಹಿಂದಿನ ಗಾಜಿಗೂ ನಡುವೆ ಹಾದುಹೋಗುವ ಅಡ್ಡಪಟ್ಟಿ ಇರುತ್ತದಲ್ಲ, ಅದು ಒಂದು ತುದಿಯಲ್ಲಿ ಮುರಿದಿತ್ತು. ಅಂದಕ್ಕೆ ಹಾಕಿರುತ್ತಾರೆ, ನಿಧಾನಕ್ಕೆ ನೋಡಿಕೊಂಡರಾಯಿತು ಅಂದುಕೊಂಡು ನೀರು ತುಂಬಿಸಿಬಿಟ್ಟೆ. ಮಾರನೇ ದಿನ ಮುಚ್ಚಳ ಇಡಲು ಹೋದರೆ ಸರಿಯಾಗಿ ಕೂರಲೇ ಇಲ್ಲ. ಏನೋ ಅನುಮಾನ ಬಂತು. ಹೊಲಿಗೆ ದಾರ ತಂದು ಮುಂದಿನ ಗಾಜಿನ ಮೇಲಂಚಿನ ಒಳಬದಿಯಲ್ಲಿ ಈ ಮೂಲೆಯಿಂದ ಆ ಮೂಲೆಗೆ ಬಿಗಿಯಾಗಿ ಎಳೆದು ಹಿಡಿದೆ. ಎರಡು ಮೂಲೆಗಳಲ್ಲಿ ದಾರ ಅಂಚಿಗೆ ಅಂಟಿಕೊಂಡಿತ್ತು. ನಡುವಿನಲ್ಲಿ ಗಾಜು ದಾರವನ್ನು ಬಿಟ್ಟು ಹೊರಗೆ ಹೋಗಿತ್ತು. ಎರಡು ನಾಣ್ಯ ಜೋಡಿಸಿ ತೂರಿಸಬಹುದು, ಅಷ್ಟು ಸಂದು. ಮಳೆಗೆ ನೆನೆದ ಹಳೇ ಗೋಡೆ ಹೊಟ್ಟೆ ಬಿಡುತ್ತದಲ್ಲ, ಹಾಗೆ ಗಾಜು ಹೊಟ್ಟೆ ಬಿಟ್ಟಿತ್ತು. ಕೈಕಾಲು ತಣ್ಣಗಾಯಿತು. ತಕ್ಷಣ ಪೈಪು ಹಾಕಿ ಅರ್ಧ ನೀರು ತೆಗೆದೆ. ಅದೃಷ್ಟಕ್ಕೆ ಒಳಗೆ ಮೀನು ಬಿಟ್ಟಿರಲಿಲ್ಲ.

ಇದು ಯಾಕೆ ಹೀಗಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಂತ ನೀರು ಸುಮ್ನೆ ಇದೆ ಅಂತ ನಮಗೆ ಕಾಣುತ್ತದೆ. ಆದರೆ ಅದು ಹಗಲೂ ರಾತ್ರಿ ಗಾಜನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. 4 ಅಡಿ ಉದ್ದದ ತೊಟ್ಟಿಯಲ್ಲಿ ಒಂದೂವರೆ ಅಡಿ ನೀರು ನಿಂತರೆ, ಮುಂದಿನ ಗಾಜೊಂದರ ಮೇಲೇ ಬೀಳುವ ಬಲ ಸುಮಾರು 125 ಕೆಜಿ ತೂಕಕ್ಕೆ ಸಮ. ನೀರು 2 ಅಡಿಗೆ ಏರಿದರೆ ಅದು 225 ಕೆಜಿಯ ಹತ್ತಿರ ಹೋಗುತ್ತದೆ. ಅರ್ಧ ಅಡಿ ನೀರಿಗೆ ಅಷ್ಟು ವ್ಯತ್ಯಾಸ! ತೊಟ್ಟಿ ಎಷ್ಟು ಅಗಲ ಇದೆ ಅನ್ನುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ನೀರಿನ ಎತ್ತರ, ಗಾಜಿನ ಉದ್ದ, ಎರಡೇ.

ಆ ಗಾಜನ್ನು ಹಿಡಿದುಕೊಳ್ಳುವವರು ಯಾರು? ಕೆಳಗೆ ತಳದ ಗಾಜು ಹಿಡಿಯುತ್ತದೆ. ಎರಡು ಪಕ್ಕದಲ್ಲಿ ಪಕ್ಕದ ಗಾಜುಗಳು ಹಿಡಿಯುತ್ತವೆ. ಮೇಲಂಚಿಗೆ ಯಾರೂ ಇಲ್ಲ. ಅಲ್ಲಿ ಗಾಜಿಗೆ ಜೊತೆ ಅಂತ ಇರುವುದು ಈ ಪಟ್ಟಿಯೊಂದೇ. ಉದ್ದದ ತೊಟ್ಟಿಯಲ್ಲಿ ನಡುವಿನ ಅಡ್ಡಪಟ್ಟಿ ಮುಂದಿನ ಗಾಜನ್ನೂ ಹಿಂದಿನ ಗಾಜನ್ನೂ ಕೈ ಕೈ ಹಿಡಿಸಿ ನಿಲ್ಲಿಸಿರುತ್ತದೆ. ಅದು ಮುರಿದರೆ ಎರಡೂ ಗಾಜು ಹೊರಕ್ಕೆ ಬಾಗುತ್ತವೆ. ಬಾಗಿದಷ್ಟೂ ಮೂಲೆಗಳ ಸಿಲಿಕೋನ್, ಅಂದರೆ ಗಾಜುಗಳನ್ನು ಸೇರಿಸಿರುವ ರಬ್ಬರಿನಂಥ ಅಂಟು, ಜಗ್ಗುತ್ತದೆ.

ಪಟ್ಟಿಯೇ ಇಲ್ಲದ ತೊಟ್ಟಿಗಳೂ ಬರುತ್ತವಲ್ಲ, ಅವು ನಿಲ್ಲುವುದಿಲ್ಲವೇ ಅಂತ ನೀವು ಕೇಳಬಹುದು. ನಿಲ್ಲುತ್ತವೆ. ಅವುಗಳಿಗೆ ಮೊದಲೇ ದಪ್ಪ ಗಾಜು ಹಾಕಿರುತ್ತಾರೆ. ಪಟ್ಟಿ ಇರುತ್ತದೆ ಅಂತ ಲೆಕ್ಕ ಹಾಕಿ ತೆಳು ಗಾಜಿನಲ್ಲಿ ಮಾಡಿದ ತೊಟ್ಟಿಯಿಂದ ಪಟ್ಟಿ ಕಿತ್ತು, ನೋಡಲು ಚೆಂದ ಅಂತ ಹಾಗೇ ಬಿಡುವುದು ಬೇಡ. ದಯವಿಟ್ಟು ಬೇಡ.

ಹಾಗಂತ ಎಲ್ಲ ಒಡಕಿಗೂ ಹೆದರಬೇಕಾಗಿಲ್ಲ. ಅಡ್ಡಪಟ್ಟಿ ಇಲ್ಲದ ಸಣ್ಣ ತೊಟ್ಟಿಯಲ್ಲಿ ಅಂಚಿನ ಒಂದು ಚೂರು ಹಾರಿದ್ದರೆ ಅಷ್ಟು ಅಪಾಯವಿಲ್ಲ. ಮುಚ್ಚಳ ಕೂರುವ ಸಣ್ಣ ಮೆಟ್ಟಿಲು ಹೋಗಿರುತ್ತದೆ, ಗಾಜಿನ ಅಂಚು ಕೈಗೆ ತಗುಲಬಹುದು, ಅಷ್ಟೇ. ಅಡ್ಡಪಟ್ಟಿ ಮುರಿದಿದ್ದರೆ ಮಾತ್ರ ಅದನ್ನು ಸರಿಮಾಡುವ ತನಕ ತೊಟ್ಟಿ ತುಂಬಿಸಬೇಡಿ. ಸೂಪರ್ ಗ್ಲೂ ಹಾಕಿ ಅಂಟಿಸಿದೆ, ಗಟ್ಟಿಯಾಗಿದೆ ಅನ್ನುವವರಿದ್ದಾರೆ. ಸದಾ ಎಳೆತ ಇರುವ ಜಾಗ ಅದು, ಜೊತೆಗೆ ಸದಾ ತೇವ. ಆ ಅಂಟನ್ನು ನಾನಂತೂ ನಂಬುವುದಿಲ್ಲ. ಪಟ್ಟಿಯ ಉಳಿದ ಭಾಗ ಗಟ್ಟಿಯಿದ್ದರೆ ಒಂದು ಒಳ್ಳೆ ದಾರಿ ಇದೆ. ಮುಂದಿನ ಮತ್ತು ಹಿಂದಿನ ಗಾಜಿನ ನಡುವೆ, ಮೇಲಂಚಿನ ಹತ್ತಿರ, ನಾಲ್ಕೈದು ಇಂಚು ಅಗಲದ ಗಾಜಿನ ಪಟ್ಟಿಯೊಂದನ್ನು ಅಡ್ಡಲಾಗಿ ಸಿಲಿಕೋನಿನಿಂದ ಕೂರಿಸುವುದು. ಅದರ ಗಾಜು ತೊಟ್ಟಿಯ ಗಾಜಿನಷ್ಟಾದರೂ ದಪ್ಪ ಇರಲಿ, ಅಂಚು ಉಜ್ಜಿಸಿರಲಿ. ಈ ಕೆಲಸ ತೊಟ್ಟಿ ಖಾಲಿ ಇದ್ದಾಗಲೇ ಆಗಬೇಕು. ಗಾಜು ಬಾಗಿದ್ದಾಗ ಅಂಟಿಸಿದರೆ ಬಾಗಿದ ಹಾಗೇ ಉಳಿಯುತ್ತದೆ.

ಇಡೀ ಪಟ್ಟಿ ಬದಲಿಸುವುದಾದರೆ ಮೊದಲು ಅಳತೆ. ಗಾಜಿನ ಹೊರಗಿನ ಉದ್ದ, ಹೊರಗಿನ ಅಗಲ, ಗಾಜಿನ ದಪ್ಪ, ಈ ಮೂರನ್ನೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. 4 ಅಡಿ ತೊಟ್ಟಿಗೆ 4 ಅಡಿ ಪಟ್ಟಿ ಅಂತ ಕೇಳಿ ತಂದರೆ ಕೂರದೇ ಹೋಗಬಹುದು. ಒಬ್ಬೊಬ್ಬ ತಯಾರಕರ ಅಳತೆ ಒಂದೊಂದು ಥರ. ತಂದ ಮೇಲೆ, ಹಳೆಯದನ್ನು ಕೀಳುವ ಮುಂಚೆಯೇ, ಹೊಸದರ ಒಳಗೆ ಗಾಜಿನ ಅಂಚು ಕೂರುವ ತೋಡನ್ನು ಅಳೆದು ನೋಡಿ.

ಹಳೇ ಪಟ್ಟಿ ಕೀಳುವುದೇ ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ. ಒಳಗೆ ಸಿಲಿಕೋನ್ ಹಿಡಿದು ಕೂತಿರುತ್ತದೆ. ದಪ್ಪ ಕೈಗವಸು ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ. ತೆಳು ಬ್ಲೇಡನ್ನು ಗಾಜಿಗೆ ಮಲಗಿಸಿ ಹಿಡಿದು, ಪಟ್ಟಿಗೂ ಗಾಜಿಗೂ ನಡುವೆ ತೂರಿಸಿ, ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಎಳೆಯಿರಿ. ಬ್ಲೇಡು ಸಿಲಿಕೋನನ್ನು ಕುಯ್ಯುವಾಗ ರಬ್ಬರ್ ಕುಯ್ದ ಹಾಗೆ ಮೆತ್ತಗಿರುತ್ತದೆ. ಗಟ್ಟಿಯಾಗಿ ಕಿರ್ ಅಂದರೆ ಗಾಜಿಗೆ ತಗುಲಿದೆ ಅಂತ ಅರ್ಥ, ಕೋನ ಸರಿಮಾಡಿಕೊಳ್ಳಿ. ಮೊದಲು ಉದ್ದದ ಬದಿ, ಆಮೇಲೆ ಅಗಲದ ಬದಿ, ಮೂಲೆ ಕೊನೆಗೆ. ಮೂಲೆಯಲ್ಲಿ ಅಂಟು ಜಾಸ್ತಿ ಇರುತ್ತದೆ. ಜೊತೆಗೆ ಎರಡು ಗಾಜನ್ನು ಸೇರಿಸಿದ ಸಿಲಿಕೋನೂ ಅಲ್ಲೇ ಇರುತ್ತದೆ. ಆ ಬೆಸುಗೆಗೆ ಬ್ಲೇಡು ತಾಗಬಾರದು. ತಾಗಿದರೆ ಪಟ್ಟಿ ರಿಪೇರಿಗೆ ಹೋಗಿ ತೊಟ್ಟಿಯೇ ಸೋರುವ ಹಾಗಾಗುತ್ತದೆ.

ಪ್ಲಾಸ್ಟಿಕ್ ಹಳೆಯದಾಗಿ ಪೆಡಸಾಗಿದ್ದರೆ ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಅತ್ತಿತ್ತ ಆಡಿಸಿ, ಮೆತ್ತಗಾಗುತ್ತದೆ. ಕುದಿಯುವ ನೀರು ಮಾತ್ರ ಸುರಿಯಬೇಡಿ, ತಣ್ಣಗಿನ ಗಾಜು ಫಟ್ ಅಂತ ಸೀಳುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟುವುದೂ ಬೇಡ. ಮೀಟಿದ ಜಾಗದಲ್ಲಿ ಗಾಜಿನ ಚಕ್ಕೆ ಏಳುತ್ತದೆ. ಹೇಗಿದ್ದರೂ ಎಸೆಯುವ ಪಟ್ಟಿ ತಾನೇ? ಅಡ್ಡಪಟ್ಟಿಯನ್ನೂ ಸುತ್ತಿನ ಪಟ್ಟಿಯನ್ನೂ ಕತ್ತರಿಸಿ ತುಂಡು ತುಂಡಾಗಿ ತೆಗೆಯಿರಿ. ನನಗೆ ಹಾಗೆ ತೆಗೆದದ್ದೇ ಸುಲಭವಾಯಿತು, ಆದರೂ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು.

ಪಟ್ಟಿ ಹೋದ ಮೇಲೆ ಗಾಜಿನ ಅಂಚಿನಲ್ಲಿ ಹಳೇ ಸಿಲಿಕೋನಿನ ಪದರ ಉಳಿದಿರುತ್ತದೆ. ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ. ಹಳೇ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ನೀರಿನ ಮಟ್ಟದಲ್ಲಿ ಕಟ್ಟಿದ ಬಿಳಿ ಉಪ್ಪಿನ ಗೆರೆಗೆ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ನೀರಿನಲ್ಲಿ ತೊಳೆಯಿರಿ. ಒಣಗಿದ ಮೇಲೆ ಕೊನೆಯದಾಗಿ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ. ಆಮೇಲೆ ಆ ಅಂಚನ್ನು ಬೆರಳಿನಿಂದ ಮುಟ್ಟಬೇಡಿ, ಕೈಯ ಜಿಡ್ಡೇ ಸಾಕು ಅಂಟು ಬಿಡಲು. ಅಸಿಟೋನ್ ಪ್ಲಾಸ್ಟಿಕ್ಕನ್ನು ಕರಗಿಸಬಹುದು, ಹಾಗಾಗಿ ಹೊಸ ಪಟ್ಟಿಯ ಹತ್ತಿರ ಅದನ್ನು ತರಬೇಡಿ.

ಸಿಲಿಕೋನ್ ತರುವಾಗ ಅಕ್ವೇರಿಯಂಗೆ ಆಗುತ್ತದೆ ಅಂತ ಬರೆದಿರುವುದನ್ನೇ ತನ್ನಿ. ಬಚ್ಚಲುಮನೆಗೆ ಬಳಸುವ ಸಿಲಿಕೋನಿನಲ್ಲಿ ಬೂಷ್ಟು ಹಿಡಿಯದಿರಲಿ ಅಂತ ಮದ್ದು ಬೆರೆಸಿರುತ್ತಾರೆ. ಆ ಮದ್ದು ಮೀನಿಗೆ ವಿಷ.

ಮೊದಲು ಅಂಟಿಲ್ಲದೆ ಪಟ್ಟಿ ಕೂರಿಸಿ ನೋಡಿ. ಸರಿಯಾಗಿ ಕೂತರೆ ತೆಗೆದು, ಒಳಗಿನ ತೋಡಿನುದ್ದಕ್ಕೂ ಸಿಲಿಕೋನ್ ಎಳೆಯಿರಿ. ಪೆನ್ಸಿಲಿನಷ್ಟು ದಪ್ಪ ಬೇಕಿಲ್ಲ, ಅದರ ಅರ್ಧ ಸಾಕು. ಐದು ಹತ್ತು ನಿಮಿಷದಲ್ಲೇ ಮೇಲೆ ಪೊರೆ ಕಟ್ಟಲು ಶುರುವಾಗುತ್ತದೆ, ಅದಕ್ಕೇ ಜೊತೆಗೊಬ್ಬರು ಇದ್ದರೆ ಒಳ್ಳೆಯದು. ಇಬ್ಬರೂ ಎರಡು ತುದಿ ಹಿಡಿದು ಒಟ್ಟಿಗೆ ಇಳಿಸಿ, ಸುತ್ತಲೂ ಒಂದೇ ಸಮ ಒತ್ತಿ. ಹೊರಗೆ ಉಕ್ಕಿದ್ದನ್ನು ಆಗಲೇ ಒರೆಸಿಬಿಡಿ. ನಾಲ್ಕೈದು ಕಡೆ ಟೇಪ್ ಹಚ್ಚಿ ಗಾಜಿಗೆ ಬಿಗಿಯಿರಿ. ವಿನೆಗರಿನಂಥ ಘಾಟು ಬರುತ್ತದೆ, ಕಿಟಕಿ ತೆರೆದಿಡಿ. ಕೈಗೆ ಒಂದು ದಿನದಲ್ಲಿ ಗಟ್ಟಿ ಅನಿಸಿದರೂ ನಾನು ಒಂದು ವಾರ ಮುಟ್ಟುವುದಿಲ್ಲ. ತೋಡಿನ ಒಳಗಿನ ಸಿಲಿಕೋನಿಗೆ ಗಾಳಿ ಕಡಿಮೆ, ಅದು ನಿಧಾನವಾಗಿಯೇ ಒಣಗುತ್ತದೆ.

ವಾರ ಕಳೆದ ಮೇಲೆ ನೀರು. ತೊಟ್ಟಿ ಇಡುವ ಜಾಗ ರಸಮಟ್ಟ ಇಟ್ಟು ನೋಡಿದರೆ ಸರಿಯಿರಬೇಕು. ಓರೆಯಿದ್ದರೆ ಹೊಸ ಪಟ್ಟಿಯೂ ತಿರುಚುತ್ತದೆ. ಮೂರನೇ ಒಂದು ಭಾಗ ನೀರು ಹಾಕಿ, ಒಂದು ರಾತ್ರಿ ಬಿಡಿ. ಮೂಲೆಗಳಿಗೆ ಒಣ ಕಾಗದ ತಾಗಿಸಿ ನೋಡಿ, ನೆನೆಯದಿದ್ದರೆ ಮುಂದಿನ ಭಾಗ. ತುಂಬಿದ ಮೇಲೂ ಮೂರು ನಾಲ್ಕು ದಿನ ಬರೀ ನೀರೇ ಇರಲಿ. ಎತ್ತಿ ಸರಿಸಬೇಕು ಅನಿಸಿದರೆ ನೀರು ಖಾಲಿ ಮಾಡಿ, ತಳಕ್ಕೆ ಕೈ ಕೊಟ್ಟು ಎತ್ತಿ. ಪಟ್ಟಿ ಹಿಡಿದು ಎತ್ತುವುದರಿಂದಲೇ ಎಷ್ಟೋ ಪಟ್ಟಿಗಳು ಸಡಿಲವಾಗುತ್ತವೆ.

ನನ್ನ ತೊಟ್ಟಿ ತುಂಬಿದ ದಿನ ಅದೇ ಹೊಲಿಗೆ ದಾರ ಮತ್ತೆ ತಂದೆ. ಮೂಲೆಯಿಂದ ಮೂಲೆಗೆ ಎಳೆದು ಹಿಡಿದು, ನಡುವೆ ನಾಣ್ಯ ತೂರಿಸಲು ನೋಡಿದೆ. ಒಂದೂ ಹೋಗಲಿಲ್ಲ. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ನೋಡಿದೆ, ಆಗಲೂ ಹೋಗಲಿಲ್ಲ. ಮುಚ್ಚಳ ಇಟ್ಟೆ, ತನ್ನ ಮೆಟ್ಟಿಲ ಮೇಲೆ ಸದ್ದಿಲ್ಲದೆ ಕೂತಿತು. ಮೀನು ಬಿಡಲು ತಯಾರಿ ಶುರುಮಾಡಿದ್ದು ಆಮೇಲೆ.

ನಮಸ್ಕಾರ.