ಕಂಪ್ಯೂಟರೇ ಇಲ್ಲದ ಹ್ಯಾಕರ್ ನಾಟಕ

ಎಲ್ಲರಿಗೂ ನಮಸ್ಕಾರ.

ಹ್ಯಾಕಿಂಗ್‌ನಷ್ಟು ರಂಗಕ್ಕೆ ಒಗ್ಗದ ಕಸುಬು ಇನ್ನೊಂದು ಇರಲಾರದು. ಕತ್ತಿ ಹಿಡಿದು ಬಂದವನು ಏನು ಮಾಡುತ್ತಾನೆಂದು ಕಡೆಯ ಸಾಲಿನವರಿಗೂ ಕಾಣುತ್ತದೆ. ಹ್ಯಾಕರ್ ಕುರ್ಚಿಯಲ್ಲಿ ಕೂತು ಕೀಬೋರ್ಡ್ ಕುಟ್ಟುತ್ತಾನೆ, ಅಷ್ಟೇ. 2014ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ಅನಾನಿಮಸ್ ಎಂಬ ಹೆಸರಿಲ್ಲದ ಹ್ಯಾಕರ್‌ಗಳ ಕೂಟ ಮತ್ತು ಅದರಿಂದ ಕವಲೊಡೆದ ಲಲ್ಜ್‌ಸೆಕ್ ಗುಂಪಿನ ಹುಡುಗರ ಕಥೆ ನಾಟಕವಾಯಿತು. ಈ ತೊಡಕನ್ನು ನಾಟಕದವರು ಬಿಡಿಸಿಕೊಂಡ ರೀತಿ ನನಗೆ ಬಹಳ ಇಷ್ಟ. ರಂಗದ ಮೇಲೆ ಕಂಪ್ಯೂಟರನ್ನೇ ಇಡಲಿಲ್ಲ. ಬದಲಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಚೆಂಡು ತುಂಬಿದ ಕೊಳ, ನಟರು ಅದರೊಳಗೆ ಧುಮುಕುತ್ತಾರೆ. ಕೋಡ್ ಕುಣಿತವಾಗುತ್ತದೆ. ಅಂತರ್ಜಾಲದಲ್ಲಿ ಹರಿದಾಡುವ ತಮಾಷೆ ಚಿತ್ರಗಳಾದ ಮೀಮ್‌ಗಳು ವೇಷ ಕಟ್ಟಿಕೊಂಡು ಓಡಾಡುತ್ತವೆ.

ಮಕ್ಕಳಾಟ ಅನ್ನಿಸುತ್ತದಲ್ಲವೇ? ಇದ್ದದ್ದೂ ಹೆಚ್ಚುಕಡಿಮೆ ಹಾಗೇ. 2011ರ ಬೇಸಿಗೆಯಲ್ಲಿ ಸುಮಾರು 50 ದಿನ ಮೆರೆದ ಲಲ್ಜ್‌ಸೆಕ್‌ನಲ್ಲಿ ‘ಟಿಫ್ಲೋ’ ಎಂಬ ಅಡ್ಡಹೆಸರಿನವನಿಗೆ ಹದಿನಾರು ವರ್ಷ. ಮಾತಿನ ಮಲ್ಲ ‘ಟೋಪಿಯರಿ’ಗೆ ಹದಿನೆಂಟು, ಇದ್ದದ್ದು ಸ್ಕಾಟ್ಲೆಂಡಿನಾಚೆಯ ಶೆಟ್ಲೆಂಡ್ ದ್ವೀಪದಲ್ಲಿ. ಹದಿನಾರರ ಹುಡುಗಿ ಎಂದು ಹೇಳಿಕೊಳ್ಳುತ್ತಿದ್ದ ‘ಕೈಲಾ’, ಬ್ರಿಟಿಷ್ ಸೇನೆಯಲ್ಲಿ ಇದ್ದು ಬಂದ ಗಂಡಸು! ನಾಟಕಕಾರನೊಬ್ಬ ಇದನ್ನು ಕಲ್ಪಿಸಿ ಬರೆದಿದ್ದರೆ ‘ಅತಿಯಾಯಿತು’ ಅನ್ನುತ್ತಿದ್ದೆವು.

ಆದರೆ ಈ ತಮಾಷೆಯ ಹಿಂದೆ ಸಿಟ್ಟೂ ಇತ್ತು. 2010ರ ಡಿಸೆಂಬರಿನಲ್ಲಿ ಪೇಪಾಲ್, ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು, ಸರ್ಕಾರಗಳ ಗುಟ್ಟಿನ ಕಡತಗಳನ್ನು ಬಯಲಿಗೆ ತರುತ್ತಿದ್ದ ವಿಕಿಲೀಕ್ಸ್‌ಗೆ ಹೋಗುತ್ತಿದ್ದ ದೇಣಿಗೆಗೆ ತಡೆ ಹಾಕಿದವು. ಯಾವ ನ್ಯಾಯಾಲಯದ ತೀರ್ಪೂ ಇರಲಿಲ್ಲ. ಅನಾನಿಮಸ್‌ನವರು ಸಾವಿರಾರು ಕೋರಿಕೆಗಳನ್ನು ಒಟ್ಟಿಗೆ ಕಳಿಸಿ ಆ ಕಂಪನಿಗಳ ಜಾಲತಾಣಗಳ ಉಸಿರು ಕಟ್ಟಿಸಿದರು.

ಎಚ್‌ಬಿಗ್ಯಾರಿ ಫೆಡರಲ್ ಪ್ರಸಂಗವನ್ನು ಮಾತ್ರ ನಿಧಾನವಾಗಿ ನೋಡಬೇಕು. 2011ರ ಫೆಬ್ರವರಿಯಲ್ಲಿ ಈ ಸೈಬರ್ ಭದ್ರತಾ ಕಂಪನಿಯ ಮುಖ್ಯಸ್ಥ, ಅನಾನಿಮಸ್‌ನ ಮುಂದಾಳುಗಳು ಯಾರೆಂದು ತನಗೆ ಗೊತ್ತು ಎಂದು ಪತ್ರಿಕೆಯ ಮುಂದೆ ಹೇಳಿಕೊಂಡ. ಹುಡುಗರು ಅವನ ಕಂಪನಿಯ ಬಾಗಿಲನ್ನೇ ತಳ್ಳಿ ನೋಡಿದರು. ಜಾಲತಾಣಕ್ಕೆ ಬರುವ ಕೋರಿಕೆಯೊಳಗೆ ಡೇಟಾಬೇಸಿಗೆ ಕೊಡುವ ಆದೇಶವನ್ನು ನುಸುಳಿಸುವ ಹಳೆಯ ಉಪಾಯ, ಎಸ್‌ಕ್ಯೂಎಲ್ ಇಂಜೆಕ್ಷನ್. ಅದು ಸಾಕಾಯಿತು. ಸಿಕ್ಕ ಪಾಸ್‌ವರ್ಡ್ ದುರ್ಬಲ, ಸಾಲದ್ದಕ್ಕೆ ಅದನ್ನೇ ಬೇರೆ ಖಾತೆಗಳಿಗೂ ಇಟ್ಟಿದ್ದರು. ಬೀಗ ಮಾರುವವನ ಮನೆಗೇ ಚಿಲಕವಿರಲಿಲ್ಲ. ಹತ್ತಾರು ಸಾವಿರ ಇಮೇಲ್‌ಗಳು ಬೀದಿಗೆ ಬಂದವು, ತಿಂಗಳು ಮುಗಿಯುವಷ್ಟರಲ್ಲಿ ಮುಖ್ಯಸ್ಥ ರಾಜೀನಾಮೆ ಕೊಟ್ಟ.

ಇಂಥ ಕಥೆ ಹೇಳುವಾಗ ಹುಡುಗರ ಪರ ವಾಲುವುದು ಸುಲಭ. ನಾನೂ ವಾಲುತ್ತೇನೆ. ಆದರೆ 2011ರಲ್ಲಿ ಸೋನಿ ಪಿಕ್ಚರ್ಸ್ ಎಂಬ ಸಿನಿಮಾ ಕಂಪನಿಯ ಮೇಲೆ ಲಲ್ಜ್‌ಸೆಕ್ ನಡೆಸಿದ ದಾಳಿಯಲ್ಲಿ ಹೊರಬಿದ್ದದ್ದು ಸ್ಪರ್ಧೆಗೋ ಬಹುಮಾನಕ್ಕೋ ಹೆಸರು ಬರೆಸಿದ್ದ ಸಾಮಾನ್ಯರ ಪಾಸ್‌ವರ್ಡ್‌ಗಳು. ಕಂಪನಿ ಅವನ್ನು ಮರೆಮಾಚದೆ ಇಟ್ಟಿತ್ತು, ಇವರು ಬಯಲಿಗೆ ಸುರಿದರು. ಆ ಸಾಮಾನ್ಯರಿಗೂ ರಂಗದ ಮೇಲೊಂದು ಪಾತ್ರ ಬೇಕು. ಇನ್ನೊಂದು ಮಾತು, ಅಧಿಕಾರಸ್ಥರ ವಿರುದ್ಧ ಅನಾನಿಮಸ್‌ನವರು ತೊಟ್ಟ, ಗೈ ಫಾಕ್ಸ್ ಎಂದು ಕರೆಯುವ ನಗುವ ಮುಖವಾಡದ ಹಕ್ಕು ಇದ್ದದ್ದು ವಾರ್ನರ್ ಎಂಬ ದೈತ್ಯ ಕಂಪನಿಯ ಬಳಿ. ಅಧಿಕೃತ ಮುಖವಾಡ ಒಂದೊಂದು ಮಾರಾಟವಾದಾಗಲೂ ಅದಕ್ಕೊಂದು ಪಾಲು.

ನಾಟಕದ ನಿಜವಾದ ಗಂಟು ಇರುವುದು ‘ಸಾಬು’ವಿನಲ್ಲಿ. ನ್ಯೂಯಾರ್ಕಿನಲ್ಲಿದ್ದ ಈ ಹಿರಿಯ ಸದಸ್ಯ 2011ರ ಜೂನಿನಲ್ಲಿ ಎಫ್‌ಬಿಐಗೆ ಸಿಕ್ಕಿಬಿದ್ದು ಮಾಹಿತಿದಾರನಾದ. ಚಾಟ್‌ನಲ್ಲಿ ಮಾತ್ರ ಅದೇ ಹೆಸರು, ಅದೇ ಅಬ್ಬರ. ಗೆಳೆಯರಿಗೆ ಗೊತ್ತಿಲ್ಲ, ಪ್ರೇಕ್ಷಕರಿಗೆ ಗೊತ್ತು. ರಂಗಭೂಮಿಗೆ ಇದಕ್ಕಿಂತ ಏನು ಬೇಕು? ಪೊಲೀಸರು ಒಬ್ಬೊಬ್ಬರ ಬಾಗಿಲನ್ನೂ ತಟ್ಟಿದಾಗ ಅಡ್ಡಹೆಸರಿಗೆ ಮೊದಲ ಸಲ ಮೈ ಬರುತ್ತದೆ.

2013ರ ಮೇ ತಿಂಗಳಲ್ಲಿ ಲಂಡನ್ನಿನ ಸದರ್ಕ್ ಕ್ರೌನ್ ಕೋರ್ಟ್ ಬ್ರಿಟನ್ನಿನ ಹುಡುಗರಿಗೆ ಶಿಕ್ಷೆ ವಿಧಿಸಿತು. ಈ ಕಥೆಯನ್ನು ನಾನು ಆಡಿಸಿದರೆ ಕೊನೆಯ ದೃಶ್ಯ ಅಲ್ಲೇ. ಗುಮಾಸ್ತ ಅವರ ಅಪ್ಪ-ಅಮ್ಮ ಇಟ್ಟ ಹೆಸರುಗಳನ್ನು ಓದುತ್ತಾನೆ. ಎರಡು ಗಂಟೆ ಅಡ್ಡಹೆಸರನ್ನೇ ಕೇಳಿಕೊಂಡು ಕೂತ ಪ್ರೇಕ್ಷಕರಿಗೆ, ಯಾವ ಹೆಸರಿಗೆ ಯಾರು ಎದ್ದು ನಿಲ್ಲುತ್ತಾರೋ ಗೊತ್ತಿರುವುದಿಲ್ಲ.