ಮೊದಲು ತಣ್ಣೀರು, ಆಮೇಲೆ ಲಕ್ಕಿ ಸೊಪ್ಪು

ಕೇಳುಗರಿಗೆ ನಮಸ್ಕಾರ.

ಮಳೆಗಾಲದಲ್ಲಿ ಜಂಬಿಟ್ಟಿಗೆ ಮೆಟ್ಟಿಲಿಗೆ ಪಾಚಿ ಕಟ್ಟುತ್ತದೆ, ತೋಟದ ಕಾಲುಸಂಕ ಜಾರುತ್ತದೆ. ಕೊನೆ ಕೊಯ್ಲಿನ ಹೊತ್ತಿಗೆ ಅಡಿಕೆ ಕೊನೆ ಹೆಗಲಿಗೆ ಬಡಿಯುತ್ತದೆ. ಕೊಟ್ಟಿಗೆಯಲ್ಲಿ ಎಮ್ಮೆ ಒದೆಯುತ್ತದೆ. ಚರ್ಮ ಹರಿದಿರುವುದಿಲ್ಲ, ರಕ್ತ ಸುರಿದಿರುವುದಿಲ್ಲ, ಆದರೂ ಪೆಟ್ಟು ಬಿದ್ದ ಜಾಗ ಬಾತು ಮಾರನೆಯ ದಿನಕ್ಕೆ ನೀಲಿಗಟ್ಟುತ್ತದೆ. ಇದೇ ಒಳಪೆಟ್ಟು, ಮೂಗೇಟು. ಇದಕ್ಕೆ ಬೇಕಾದ ಸೊಪ್ಪು ನಮ್ಮ ಮಲೆನಾಡಿನ ಬೇಲಿಯಲ್ಲೇ ಇದೆ. ಆದರೆ ಯಾವ ಸೊಪ್ಪು ಅನ್ನುವುದಕ್ಕಿಂತ ಎಷ್ಟನೆಯ ದಿನ ಹಾಕುತ್ತೀರಿ ಅನ್ನುವುದು ಮುಖ್ಯ.

ಪೆಟ್ಟು ಬಿದ್ದಾಗ ಚರ್ಮದಡಿಯ ಸಣ್ಣ ರಕ್ತನಾಳಗಳು ಒಡೆದು, ರಕ್ತ ಒಳಗೊಳಗೇ ಜಿನುಗುತ್ತದೆ. ಆಗಲೇ ಬಿಸಿ ಶಾಖ ಕೊಟ್ಟರೆ ನಾಳಗಳು ಹಿಗ್ಗಿ ಇನ್ನಷ್ಟು ರಕ್ತ ಸೋರುತ್ತದೆ. ಎಣ್ಣೆ ಹಚ್ಚಿ ತಿಕ್ಕಿದರೆ ಆಗಷ್ಟೇ ಕಟ್ಟುತ್ತಿರುವ ಹೆಪ್ಪು ಕದಡುತ್ತದೆ. ಬಿದ್ದವರನ್ನು ಎಬ್ಬಿಸಿ ಕೂರಿಸಿ ಬಿಸಿ ಎಣ್ಣೆ ಹಾಕಿ ನೀವುವುದು ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಮಾಡುವ ಕೆಲಸ. ಅಂಗೈ ಅಗಲದ ಕಲೆ ಮೊಣಕಾಲಿನಿಂದ ಮೀನಖಂಡದವರೆಗೆ ಇಳಿಯುವುದೂ ಬಹಳ ಸಲ ಅದರಿಂದಲೇ. ದಯವಿಟ್ಟು ಮೊದಲ ಎರಡು ದಿನ ತಿಕ್ಕಬೇಡಿ.

ಆ ಎರಡು ದಿನ ಬೇಕಾದದ್ದು ತಂಪು. ಮಂಜುಗಡ್ಡೆ ಇದ್ದರೆ ತೆಳು ಬಟ್ಟೆಯಲ್ಲಿ ಸುತ್ತಿ ಹತ್ತರಿಂದ ಹದಿನೈದು ನಿಮಿಷ ಇಡಿ. ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಬಹುದು. ಬರಿಯ ಮಂಜುಗಡ್ಡೆಯನ್ನು ಚರ್ಮಕ್ಕೆ ತಾಗಿಸಿದರೆ ಚರ್ಮವೇ ಸುಟ್ಟಂತಾಗುತ್ತದೆ. ಕರೆಂಟು ಹೋಗಿ ಫ್ರಿಜ್ಜಿನಲ್ಲಿ ಏನೂ ಇಲ್ಲದಿದ್ದರೆ ಬಾವಿಯ ನೀರು ಸಾಕು. ಹಳೆಯ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಅದ್ದಿ, ಹಿಂಡಿ ಹಾಕಿ. ಬೆಚ್ಚಗಾದ ಕೂಡಲೇ ಬದಲಿಸಿ. ಕಡಿದ ಬಾಳೆಯ ಪಟ್ಟೆಯೂ ನೀರು ತುಂಬಿಕೊಂಡು ತಣ್ಣಗಿರುತ್ತದೆ, ಅದರ ಒಳಮೈಯನ್ನು ಚರ್ಮಕ್ಕೆ ತಾಗುವಂತೆ ಇಡಬಹುದು. ಬಟ್ಟೆಗೆ ಅದರ ಕಲೆ ಹತ್ತಿದರೆ ಹೋಗುವುದಿಲ್ಲ, ಹಳೆಯ ಬಟ್ಟೆಯನ್ನೇ ಬಳಸಿ. ಕಾಲಿಗೆ ಪೆಟ್ಟಾಗಿದ್ದರೆ ಮಲಗಿ, ಅಡಿಯಲ್ಲಿ ಎರಡು ದಿಂಬು ಇಟ್ಟು ಎದೆಯ ಮಟ್ಟಕ್ಕಿಂತ ಮೇಲಿರಿಸಿ. ಪಟ್ಟಿ ಕಟ್ಟುವುದಾದರೆ ಒಂದು ಬೆರಳು ಸಲೀಸಾಗಿ ಒಳಗೆ ಹೋಗುವಷ್ಟು ಸಡಿಲವಿರಲಿ. ತುದಿಬೆರಳು ಜೋಮು ಹಿಡಿದರೆ ತಕ್ಷಣ ಬಿಚ್ಚಿ.

ಇನ್ನು ಅರಿಶಿನ ಸುಣ್ಣದ ಮಾತು. ಎರಡನ್ನೂ ಕಲಸಿದಾಗ ಕೆಂಪಾಗುವುದನ್ನು ನೋಡಿ, ಅದು ಕೆಟ್ಟ ರಕ್ತವನ್ನು ಎಳೆಯುತ್ತದೆ ಎಂದು ನಂಬುವವರಿದ್ದಾರೆ. ಅರಿಶಿನದ ಬಣ್ಣ ಕ್ಷಾರ ತಾಗಿದರೆ ಕೆಂಪಾಗುತ್ತದೆ, ತಟ್ಟೆಯಲ್ಲಿ ಕಲಸಿದರೂ ಅಷ್ಟೇ. ಸುಣ್ಣ ಹೆಚ್ಚಾದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಹಾಗಾಗಿ ಸುಣ್ಣ ಬೇಡ. ಅರಿಶಿನವೊಂದೇ ಸಾಕು: ಕೊಂಬನ್ನು ಗಂಧದ ಕಲ್ಲಿನ ಮೇಲೆ ನೀರು ಹನಿಸಿ ತೇಯ್ದು, ಒಂದು ಚಮಚದಷ್ಟು ತೆಳ್ಳಗೆ ಸವರಿ, ಅರ್ಧ ಗಂಟೆಗೆ ತೊಳೆಯಿರಿ. ಪುಡಿಗಿಂತ ಕೊಂಬು ಒಳ್ಳೆಯದು, ಪುಡಿಗೆ ಬಣ್ಣ ಬೆರೆಸುವುದುಂಟು. ಹಚ್ಚುವ ಮೊದಲು ಕಲೆಯ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಡಿ. ಅರಿಶಿನ ಮೆತ್ತಿದ ಮೇಲೆ ಕಲೆ ಹರಡುತ್ತಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ.

ಮೂರನೆಯ ದಿನ, ಬಾವು ಮತ್ತೆ ಏರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, ಲಕ್ಕಿ ಸೊಪ್ಪಿನ ಸರದಿ. ನೆಕ್ಕಿ ಅಂತಲೂ ಕರೆಯುತ್ತಾರೆ, ಆಯುರ್ವೇದದಲ್ಲಿ ನಿರ್ಗುಂಡಿ. ಹಳ್ಳದ ದಡದಲ್ಲಿ, ಬೇಲಿಸಾಲಿನಲ್ಲಿ ಬೆಳೆಯುತ್ತದೆ. ಅಂಗೈ ಬೆರಳುಗಳಂತೆ ಮೂರೋ ಐದೋ ಎಸಳಿನ ಎಲೆ, ಅಡಿಭಾಗ ಬೂದು ಬಿಳುಪು, ಹೂವು ತಿಳಿ ನೀಲಿ. ಎಲೆ ಉಜ್ಜಿದರೆ ಘಾಟು ವಾಸನೆ ಬರಬೇಕು, ಬರದಿದ್ದರೆ ಅದು ಬೇರೆ ಗಿಡ. ಎರಡು ಹಿಡಿ ಎಲೆಯನ್ನು ತೊಳೆದು, ಒಂದು ಲೀಟರ್ ನೀರಿಗೆ ಹಾಕಿ, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕುದಿಸಿ. ತೆರೆದು ಕುದಿಸಿದರೆ ಎಲೆಯ ಎಣ್ಣೆ ಆವಿಯ ಜೊತೆ ಹಾರಿಹೋಗುತ್ತದೆ. ಮುಂಗೈ ಒಳಭಾಗಕ್ಕೆ ಒಂದು ಹನಿ ಬಿಟ್ಟು ಬಿಸಿ ನೋಡಿ. ಹಿತವಾಗಿದ್ದರೆ ಬಟ್ಟೆ ಅದ್ದಿ ಹತ್ತು ನಿಮಿಷ ಶಾಖ ಕೊಡಿ, ದಿನಕ್ಕೆ ಮೂರು ಸಲ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದಿರುವವರಿಗೆ ಬಿಸಿ ಗೊತ್ತಾಗುವುದಿಲ್ಲ, ಅವರ ಬದಲು ಇನ್ನೊಬ್ಬರು ಮುಟ್ಟಿ ನೋಡಬೇಕು. ಬೆಂದ ಎಲೆಯನ್ನು ಎಸೆಯಬೇಡಿ, ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತಲು ಬರುತ್ತದೆ. ಕೆಲವು ಕಡೆ ಹುಣಸೆ ಚಿಗುರನ್ನೂ ಹೀಗೇ ಬಳಸುತ್ತಾರೆ.

ಶಾಖದ ನಂತರ ಹರಳೆಣ್ಣೆ ಸವರಬಹುದು, ಬೆರಳ ತುದಿಯಿಂದ, ಒತ್ತದೆ. ಲೋಳೆಸರವಾದರೆ ಎಲೆ ಕೊಯ್ದು ಹತ್ತು ನಿಮಿಷ ಓರೆಯಾಗಿ ನಿಲ್ಲಿಸಿ, ಹಳದಿ ರಸ ಸೋರಿಹೋಗಲಿ. ಅದು ಉಳಿದರೆ ನವೆ ಬರುತ್ತದೆ. ಎಕ್ಕದ ಎಲೆಯನ್ನು ಮಾತ್ರ ಮಕ್ಕಳಿರುವ ಮನೆಯಲ್ಲಿ ಬಳಸದಿರುವುದೇ ಮೇಲು. ಅದರ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಚರ್ಮ ತರಚಿದ್ದರೆ ಮೇಲೆ ಹೇಳಿದ ಯಾವುದೂ ಬೇಡ, ಸಗಣಿ, ಬೂದಿಯಂತೂ ಖಂಡಿತ ಬೇಡ. ಸೋಪು ನೀರಿನಲ್ಲಿ ತೊಳೆದು ಧನುರ್ವಾಯು ಚುಚ್ಚುಮದ್ದಿಗೆ ಹೋಗಿ.

ಕಲೆ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುವುದು ಗುಣವಾಗುವ ದಾರಿ. ಒಳಗಿನ ರಕ್ತ ಕರಗುತ್ತಾ ಹೋದಂತೆ ಬಣ್ಣ ಬದಲಾಗುತ್ತದೆ. ಹೆಚ್ಚುಕಡಿಮೆ ಎರಡು ವಾರ ಹಿಡಿಯುತ್ತದೆ. ಹಸಿರು ಕಂಡು ಕೀವಾಯಿತೆಂದು ಗಾಬರಿಯಾಗಬೇಡಿ. ಕೀವಾದರೆ ಜಾಗ ಬಿಸಿಯಾಗಿ, ನೋವು ದಿನೇ ದಿನೇ ಏರುತ್ತದೆ.

ಕೆಲವು ಪೆಟ್ಟುಗಳಿಗೆ ಮನೆಮದ್ದು ಕೂಡದು. ತಲೆಗೆ, ಕಣ್ಣಿಗೆ, ಹೊಟ್ಟೆಗೆ ಬಿದ್ದದ್ದು, ಕಾಲೂರಲು ಆಗದ್ದು, ಕೂಸಿಗೆ ಆದದ್ದು. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಪೆಟ್ಟೂ ದೊಡ್ಡದಾಗುತ್ತದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕಾಣಬೇಕು. ನೋವಿಗೆಂದು ಆಸ್ಪಿರಿನ್ ನುಂಗಬೇಡಿ, ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ.

ತೋಟದಲ್ಲಿ ಕೆಲಸ ಮಾಡುವಾಗ ಎಲ್ಲೂ ತಾಗಿದ ನೆನಪಿಲ್ಲದೆ ಪಾದ ಬಾತು ನೀಲಿಗಟ್ಟಿದರೆ ಹಲ್ಲಿನ ಗುರುತು ಹುಡುಕಿ. ಗುರುತು ಕಾಣದಿದ್ದರೂ ಅದು ಕೊಳಕುಮಂಡಲ ಹಾವು ಕಚ್ಚಿದ್ದಿರಬಹುದು. ಸೊಪ್ಪು ಅರೆಯುತ್ತಾ ಕೂರದೆ, ಬಿಗಿದು ಕಟ್ಟದೆ, ಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ.

ಪೆಟ್ಟೇ ಬೀಳದೆ ಮೈಮೇಲೆ ಕಲೆ ಏಳುವುದು, ಅದರ ಜೊತೆ ಜ್ವರ, ಮೂಗು ಅಥವಾ ವಸಡಿನಲ್ಲಿ ರಕ್ತ ಕಂಡರೆ ಡೆಂಗಿ ಇರಬಹುದು. ನಮ್ಮ ಸೀಮೆಯಲ್ಲಿ ಮಂಗನ ಕಾಯಿಲೆಯ ಸಂಶಯವನ್ನೂ ಬಿಡುವಂತಿಲ್ಲ. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅಂಥ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸೊಪ್ಪಿಗೆ, ದರಗಿಗೆ (ತರಗೆಲೆಗೆ) ಕಾಡಿಗೆ ಹೋಗಿದ್ದರೆ, ಉಣುಗು (ಉಣ್ಣೆ) ಕಚ್ಚಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ ಕೇಳುವ ಮೊದಲೇ ವೈದ್ಯರಿಗೆ ತಿಳಿಸಿ.

ನಮಸ್ಕಾರ.