ಶಾರ್ಕಿನ ಕರುಳಲ್ಲಿ ಲಾಡಿಹುಳು

ಕೇಳುಗರಿಗೆ ನಮಸ್ಕಾರ. ತುಮಕೂರಿನಲ್ಲಿ ಕೂತು ಸಮುದ್ರದ ಶಾರ್ಕಿನ ಹೊಟ್ಟೆಹುಳುವಿನ ಮಾತೇಕೆ ಅಂತೀರೇನೋ. ಲಾಡಿಹುಳು ನಮಗೇನೂ ಹೊಸದಲ್ಲ. ಶಿರಾ, ಪಾವಗಡದ ಕಡೆ ಕುರಿ ಸಾಕುವವರು ಮರಿಯ ಹಿಕ್ಕೆಯಲ್ಲಿ ಅಕ್ಕಿಕಾಳಿನಂಥ ಬಿಳಿ ತುಣುಕು ಕಂಡ ಕೂಡಲೇ ಒಳಗೇನಿದೆ ಅಂತ ಹೇಳಿಬಿಡುತ್ತಾರೆ. ಶಾರ್ಕಿನೊಳಗೆ ಇರುವುದೂ ಅದೇ ಕುಲದ್ದು.

ಈ ಹುಳುವಿಗೆ ಬಾಯಿಲ್ಲ, ಕರುಳೂ ಇಲ್ಲ. ತಿನ್ನುವುದೆಲ್ಲ ಮೈಯಿಂದಲೇ. ಅದರ ಹೊರಮೈ ಸತ್ತ ಸಿಪ್ಪೆಯಲ್ಲ, ಜೀವಂತ ಪದರ. ಅದರ ತುಂಬ ಅತಿಸೂಕ್ಷ್ಮ ಎಳೆಗಳಿದ್ದು, ಹೀರುವ ಜಾಗ ಹಲವು ಪಟ್ಟು ಹೆಚ್ಚುತ್ತದೆ. ಶಾರ್ಕ್ ಜೀರ್ಣಿಸಿಟ್ಟ ಗ್ಲೂಕೋಸು, ಅಮೈನೋ ಆಮ್ಲ ಅಲ್ಲಿಂದಲೇ ಒಳಕ್ಕೆ. ಬಂದ ಸಕ್ಕರೆ ಗ್ಲೈಕೋಜನ್ ಆಗಿ ಅಂಗಾಂಶದಲ್ಲಿ ಶೇಖರವಾಗುತ್ತದೆ. ಕರುಳಿನಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಹುಳು ಆ ಗ್ಲೈಕೋಜನನ್ನು ಅರ್ಧಂಬರ್ಧ ಒಡೆದು ಲ್ಯಾಕ್ಟಿಕ್, ಸಕ್ಸಿನಿಕ್ ಆಮ್ಲಗಳನ್ನು ಹೊರಗೆ ಬಿಡುತ್ತದೆ. ದುಂದುವೆಚ್ಚವೇ ಸರಿ, ಆದರೆ ಪುಕ್ಕಟೆ ಊಟಕ್ಕೆ ಲೆಕ್ಕ ಇಡುವವರ್ಯಾರು!

ನನಗೆ ನಿಜವಾದ ಬೆರಗು ಯೂರಿಯಾದ್ದು. ರಕ್ತಪರೀಕ್ಷೆಯ ಚೀಟಿ ನೋಡಿರುತ್ತೀರಿ: ನಮ್ಮ ರಕ್ತದಲ್ಲಿ ಯೂರಿಯಾ 100 ಮಿಲಿಲೀಟರಿಗೆ 15ರಿಂದ 40 ಮಿಲಿಗ್ರಾಂ ಇರಬೇಕು. 200 ದಾಟಿತೋ, ಮನೆಯಲ್ಲಿ ಡಯಾಲಿಸಿಸ್ ಮಾತು ಶುರು. ಶಾರ್ಕಿನ ರಕ್ತದಲ್ಲಿ ಸುಮಾರು 2,000! ಸುತ್ತಲಿನ ಉಪ್ಪುನೀರು ಮೈಯ ನೀರನ್ನು ಎಳೆದುಕೊಳ್ಳದಿರಲಿ ಅಂತ ಅದು ಯೂರಿಯಾವನ್ನು ಹೊರಹಾಕದೆ ಉಳಿಸಿಕೊಳ್ಳುತ್ತದೆ. ಹಳಸಿದ ಶಾರ್ಕ್ ಮಾಂಸ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆಗೂ ಇದೇ ಮೂಲ. ಇಷ್ಟು ಯೂರಿಯಾ ಇದ್ದರೆ ಪ್ರೋಟೀನುಗಳ ರಚನೆಯೇ ಸಡಿಲಾಗಬೇಕು. ಟ್ರೈಮೀಥೈಲಮೀನ್ ಆಕ್ಸೈಡ್ ಅನ್ನುವ ಮತ್ತೊಂದು ವಸ್ತು ಶಾರ್ಕನ್ನು ಅದರಿಂದ ಕಾಯುತ್ತದೆ.

ಅಂಥ ಜಾಗದಲ್ಲಿ ಹುಳು ಬದುಕುವುದು ಹೇಗೆ? 1959ರಲ್ಲಿ ಅಮೆರಿಕದ ಕ್ಲಾರ್ಕ್ ರೀಡ್ ಮತ್ತು ಸಂಗಡಿಗರು ಶಾರ್ಕ್ ಜಾತಿಯ ಮೀನುಗಳ ಲಾಡಿಹುಳುಗಳನ್ನು ಪರೀಕ್ಷಿಸಿ ವರದಿ ಮಾಡಿದರು. ಹುಳು ಯೂರಿಯಾಕ್ಕೆ ಬಾಗಿಲು ಹಾಕಿಕೊಂಡಿರಲಿಲ್ಲ, ಅದರ ಅಂಗಾಂಶದಲ್ಲೂ ಯೂರಿಯಾ ಹೇರಳವಾಗಿತ್ತು. ಒಳಗೂ ಹೊರಗೂ ಸರಿಸಮವಾದರೆ ನೀರಿನ ಜಗ್ಗಾಟವೇ ಇಲ್ಲ. ಕೆಲವು ಜಾತಿಗಳು ಇನ್ನೂ ಮುಂದೆ ಹೋಗಿ, ಯೂರಿಯೇಸ್ ಕಿಣ್ವದಿಂದ ಆ ಯೂರಿಯಾವನ್ನು ಒಡೆಯಲೂ ಬಲ್ಲವು.

ಕಸ ಹೊರಹಾಕಲು ಹುಳುವಿಗೆ ಜ್ವಾಲಾಕೋಶಗಳಿವೆ. ದೀಪದ ಕುಡಿಯಂತೆ ಸದಾ ಅಲುಗುವ ರೋಮಗಳು ದ್ರವವನ್ನು ನಾಳಕ್ಕೆ ತಳ್ಳುತ್ತಿರುತ್ತವೆ.

ಅಕ್ವೇರಿಯಮ್ಮಿನಲ್ಲಿ ಸಾಕಿದ ಶಾರ್ಕಿಗೆ ಇಂಥ ಹುಳು ಬಿದ್ದರೆ ಪಶುವೈದ್ಯರು ಪ್ರಾಜಿಕ್ವಾಂಟೆಲ್ ಕೊಡುತ್ತಾರೆ. ಆ ಔಷಧದ ಏಟು ಬೀಳುವುದು ಹುಳುವಿನ ಆ ಜೀವಂತ ಹೊರಮೈಗೇ. ಕ್ಯಾಲ್ಸಿಯಂ ಒಳನುಗ್ಗಿ ಸ್ನಾಯು ಸೆಟೆಯುತ್ತದೆ, ಹೊರಪದರ ಗುಳ್ಳೆಯೆದ್ದು ಹಾಳಾಗುತ್ತದೆ, ಹುಳು ಕರುಳಿನ ಹಿಡಿತ ಬಿಡುತ್ತದೆ. ನಮಸ್ಕಾರ.